ಕಿರೀಟ ಇಳಿಸದೆ ಬಂದವರು

ನನ್ನ ಚೇಷ್ಟೆಗಳ ಬಗ್ಗೆ ಸೋಲಾಪುರದ ನಮ್ಮ ಗಲ್ಲಿಯಲ್ಲಿ ಇವತ್ತಿಗೂ ಕೇಳಿ ನೋಡಿ. ಎದುರಂಗಡಿಯವನ ಬೀಗದ ತೂತಿಗೆ ಮೇಣ ತುಂಬಿದವನು ನಾನು. ಮದುವೆ ಮಂಟಪದ ಹೊರಗೆ ಬಿಟ್ಟಿದ್ದ ಚಪ್ಪಲಿಗಳಲ್ಲಿ ಎಡಗಾಲಿನವನ್ನೆಲ್ಲ ಒಂದು ಮೂಲೆಗೆ, ಬಲಗಾಲಿನವನ್ನೆಲ್ಲ ಇನ್ನೊಂದು ಮೂಲೆಗೆ ರಾಶಿ ಹಾಕಿ, ಬೀಗರು ಜಗಳಾಡುತ್ತಿದ್ದಾಗ ಊಟದ ಪಂಕ್ತಿಯಲ್ಲಿ ಮೊದಲ ಎಲೆ ಹಿಡಿದವನೂ ನಾನೇ. ಚಾದರದ ಮಾದರಿ ಎಂದು ಹೇಳಿ ಪುಣೆಯ ವ್ಯಾಪಾರಿಯೊಬ್ಬನಿಗೆ ಇಟ್ಟಿಗೆ ಕಟ್ಟಿ ಕಳಿಸಿದ್ದೆ. ಆತ ಅದೇ ಇಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ವಾಪಸು ಕಳಿಸಿದ. ಅಂದಿನಿಂದ ಇಬ್ಬರೂ ಜೀವದ ಗೆಳೆಯರಾದೆವು. ಇಂಥ ನನಗೆ ಎಪ್ಪತ್ತರ ದಶಕದ ನಡುವೆ ಒಂದು ಮುಂಜಾನೆ ನಿಜವನ್ನೇ ಹೇಳಬೇಕಾಗಿ ಬಂತು ಎಂದರೆ ಯಾರೂ ನಂಬುವುದಿಲ್ಲ. ಅವತ್ತೂ ನಂಬಲಿಲ್ಲ. ನನ್ನ ಗೋಳು ಅದೇ.

ಆಗ ನಾನು ಚಾದರದ ಸಗಟು ವ್ಯಾಪಾರಿ. ಗಲ್ಲಿಯ ಹತ್ತು ಹದಿನೈದು ಅಂಗಡಿಯವರು ಸೇರಿ ವರ್ಷಕ್ಕೊಂದು ಪುಣ್ಯದ ಕೆಲಸ ಮಾಡುತ್ತಿದ್ದೆವು. ಒಂದು ವರ್ಷ ಶಾಲೆಯ ಮಕ್ಕಳಿಗೆ ಪಾಟಿ ಬಳಪ, ಇನ್ನೊಂದು ವರ್ಷ ಬೇಸಿಗೆಯಲ್ಲಿ ನೀರಿನ ಅರವಟ್ಟಿಗೆ, ಹೀಗೆ. ಆ ವರ್ಷ ನಮ್ಮೊಳಗೆ ಹಿರಿಯನಾದ ನೂಲಿನ ವ್ಯಾಪಾರಿ ಬೇರೆ ಮಾತು ತೆಗೆದ.

"ರೊಕ್ಕ ಕೊಟ್ಟು ಕೈ ತೊಳಕೊಳ್ಳೋದು ಸಾಕು. ಹಾಡೋರು, ಕುಣಿಯೋರು, ಆಟ ಆಡೋರು ಒಂದೊಂದು ಮಂಡಳಿ ಕಟ್ಟತಾರ, ಮೂರು ವರ್ಷಕ್ಕ ಮುಚ್ಚತಾರ. ಯಾಕ? ಧಂದಾ ಗೊತ್ತಿಲ್ಲ ಅವರಿಗೆ. ಒಬ್ಬೊಬ್ಬ ಒಂದೊಂದು ಮಂಡಳಿ ಹಿಡೀರಿ. ಅದು ತನ್ನ ಕಾಲ ಮ್ಯಾಲ ನಿಂತು ಬೆಳಿಯೋ ಹಂಗ ದಾರಿ ಹಾಕಿ ಕೊಡ್ರಿ. ನಿಮ್ಮ ರೊಕ್ಕ ಬ್ಯಾಡ, ತಲಿ ಕೊಡ್ರಿ."

"ಇವನ ತಲಿ ಕೊಟ್ಟರ ಮಂಡಳಿ ನಾಳೇನ ಮುಚ್ಚತದ," ಎಂದು ಎದುರಂಗಡಿಯವನು ನನ್ನ ಕಡೆ ಬೆರಳು ಮಾಡಿದ. ಮೇಣದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅವನ ಪಾಲಿಗೆ ಒಂದು ಮರಾಠಿ ಭಜನೆ ಮಂಡಳಿ ಬಂತು. ಅಕ್ಕಲಕೋಟದ ಕನ್ನಡ ದೊಡ್ಡಾಟದ ಮಂಡಳಿ ನನ್ನ ಪಾಲಾಯಿತು. ನಮ್ಮ ಗಲ್ಲಿಯಲ್ಲಿ ಮನೆಯೊಳಗೆ ಕನ್ನಡ ಆಡುವವರು ಬಹಳ ಜನ, ಆದರೆ ಓದಲು ಬರುತ್ತಿದ್ದವನು ನಾನೊಬ್ಬನೇ. ಅದನ್ನೂ ನಾನು ಸಾಕಷ್ಟು ಜಂಬದಿಂದಲೇ ಹೇಳಿಕೊಂಡಿದ್ದೆ.

ಮಂಡಳಿ ಎಂದರೆ ಅಕ್ಕಲಕೋಟದಲ್ಲಿ ಒಂದು ಕೋಣೆ, ಮೂರು ಟ್ರಂಕು, ಒಂದು ಹಾರ್ಮೋನಿಯಂ ಮತ್ತು ಒಬ್ಬ ಮಾಸ್ತರ. ಟ್ರಂಕಿನಲ್ಲಿ ರಾಜರ ಕಿರೀಟ, ಭುಜಕೀರ್ತಿ, ರಾಕ್ಷಸರ ಮೀಸೆ. ಮಾಸ್ತರನಿಗೆ ಅರವತ್ತರ ಹತ್ತಿರ ವಯಸ್ಸು, ಒಣಗಿದ ಮೈ, ಬಿಳಿ ಟೋಪಿ. ನಗುವುದು ಅಪರೂಪ. ನಾನು ಹೇಳಿದ ಮೊದಲ ಮೂರು ಚಟಾಕಿಗೂ ಆತ "ಹೌದೇನ್ರಿ?" ಎಂದು ಗಂಭೀರವಾಗಿ ಕೇಳಿದ. ಇವನ ಜೊತೆ ಹೇಗೆ ಏಗಲಿ ಎಂದುಕೊಂಡೆ.

ಆತನ ಕೆಲಸ ಹೀಗಿತ್ತು. ಜೋಳದ ರಾಶಿ ಮುಗಿದ ಮೇಲೆ ಯಾವುದಾದರೂ ಒಂದು ಊರಿಗೆ ಹೋಗಿ ಎರಡು ತಿಂಗಳು ಕೂರುವುದು. ಒಕ್ಕಲು ಮಕ್ಕಳಿಗೆ ಒಂದು ಆಟವನ್ನು ಮೊದಲಿಂದ ಕೊನೆಯವರೆಗೆ ಕಲಿಸುವುದು. ಆ ಜನ ಮಂಡಳಿಯ ಕಿರೀಟ ತೊಟ್ಟು ತಮ್ಮೂರಿನಲ್ಲಿ ಆಟ ಆಡುತ್ತಿದ್ದರು. ಮಾಸ್ತರ ಕೊನೆಗೆ ಮಂಗಳ ಹಾಡಿ, ಟ್ರಂಕು ತುಂಬಿಕೊಂಡು ಮನೆಗೆ ಬರುತ್ತಿದ್ದ. ಊರಿನವರು ಕೊಟ್ಟ ಕಾಳು, ಯಾರೋ ದಾನಿಗಳು ಕೊಟ್ಟ ಕಾಸು, ಅಷ್ಟರಲ್ಲೇ ಮಂಡಳಿ ತೆವಳುತ್ತಿತ್ತು. ದಾನಿಗಳು ಬೇಸತ್ತಿದ್ದರು. ಈ ಸುಗ್ಗಿಯೊಳಗೆ ದಾರಿ ಕಾಣದಿದ್ದರೆ ಟ್ರಂಕುಗಳನ್ನು ಯಾವುದಾದರೂ ನಾಟಕದ ಕಂಪನಿಗೆ ಕೊಟ್ಟು ಕೋಣೆಗೆ ಬೀಗ ಹಾಕುವುದು ಎಂದು ಮಂಡಳಿಯ ಸದಸ್ಯರು ಠರಾವು ಮಾಡಿಬಿಟ್ಟಿದ್ದರು.

"ಹೋದ ವರ್ಷ ಯಾವ ಊರು, ಮಾಸ್ತರ?" ಎಂದು ಕೇಳಿದೆ.

"ಕಂದಲಗಾಂವ್ರಿ."

"ಈ ವರ್ಷ ಅವರು ಕರದಾರೇನು?"

"ಯಾಕ ಕರೀತಾರ್ರಿ? ಅವರಿಗೆ ಆಟ ಬಂತಲ್ಲ."

ನಾನು ಹಣೆ ಹಿಡಿದುಕೊಂಡೆ. "ಅಲ್ಲ ಮಾಸ್ತರ, ಗಿರಾಕಿಗೆ ಚಾದರ ಮಾರಿ, ಜೋಡಿಗೆ ಮಗ್ಗಾನೂ ಹೊರಿಸಿ ಕಳಿಸಿಧಂಗಾತಲ್ಲ ಇದು! ಅಂವ ಮತ್ತ ನಿಮ್ಮ ಅಂಗಡಿಗಿ ಯಾಕ ಬಂದಾನು?"

"ಬರೂದಿಲ್ರಿ," ಎಂದ ಮಾಸ್ತರ. ಅದರಲ್ಲಿ ಆತನಿಗೆ ಏನೋ ಸಂತೋಷ ಇದ್ದಂತೆ ಕಂಡಿತು.

ಮಂಗಳದ ವಿಷಯ ಬಂದದ್ದು ಆಗ. ಆಟದ ಹಾಡು, ಮಾತು ಎಲ್ಲ ಊರಿಗೂ ಒಂದೇ. ಮಂಗಳ ಮಾತ್ರ ಆತ ಪ್ರತಿ ಊರಿಗೆ ಹೊಸದಾಗಿ ಕಟ್ಟುತ್ತಿದ್ದ. ಆ ಊರಿನ ಬಾವಿ, ಗಿಡ, ದೇವರು, ದೀಪಕ್ಕೆ ಎಣ್ಣೆ ಕೊಟ್ಟ ಮುದುಕಿ, ಎಲ್ಲರೂ ಅದರಲ್ಲಿ ಬರಬೇಕು. ಒಂದೂರಿನದು ಇನ್ನೊಂದೂರಿಗೆ ಒಪ್ಪುವುದಿಲ್ಲ.

"ಮಂಗಳ ಆಗೂತನಾ ಕಿರೀಟ ಇಳಸಂಗಿಲ್ರಿ," ಎಂದೂ ಹೇಳಿದ. "ಬಾಯಾಗ ಒಂದು ಅಗಳೂ ಇಡಂಗಿಲ್ಲ."

ಈ ಮಾತು ನನ್ನ ಕಿವಿಗೆ ಬಿತ್ತು. ಆದರೆ ತಲೆಗೆ ಹೋಗಲಿಲ್ಲ. ನಾನಾಗಲೇ ಬೆರಳು ಮಡಚುತ್ತಾ ಊರುಗಳ ಯೋಜನೆ ಹಾಕುತ್ತಿದ್ದೆ.

"ಕೇಳ್ರಿ ಮಾಸ್ತರ. ತಾಲೀಮು ಮುಗೀತಂದ್ರ ಆಟದ ದಿನದ ತನಾ ಅಲ್ಲೇ ಕೂಡಬ್ಯಾಡ್ರಿ, ಮುಂದಿನ ಊರು ಹಿಡೀರಿ. ಒಂದು ಸುಗ್ಗಿಗೆ ಮೂರು ಊರು ಆಗತಾವ. ಮತ್ತ ಆ ಮಂಗಳ ಮಾತ್ರ ಕಲಿಸಬ್ಯಾಡ್ರಿ. ಅದು ನಿಮ್ಮ ಹಂತ್ಯಾಕ ಇರಲಿ. ಮಂಗಳ ಬೇಕಾದವರು ಮತ್ತ ಕರೀತಾರ, ವರ್ಷಾ ವರ್ಷಾ ಕರೀತಾರ."

ಒಳಗಿನಿಂದ ಮಾಸ್ತರನ ಹೆಂಡತಿಯ ದನಿ ಬಂತು. "ಅಡಗಿ ಮಾಡಿ ಬಡಿಸಿ, ಉಪ್ಪು ಸೆರಗಿನಾಗ ಕಟಗೊಂಡು ಹೋಧಂಗ ಆಗತದಲ್ರಿ ಸಾವಕಾರ್ರ."

"ಅದಕ್ಕ ಅಕ್ಕಾರ, ಉಪ್ಪು ಬೇಕಾದಾಂವ ಹುಡುಕ್ಕೊಂಡು ಬರತಾನ!" ಎಂದು ನಾನು ನಕ್ಕೆ. ಆಕೆ ನಗಲಿಲ್ಲ.

ಮಾಸ್ತರ ಟೋಪಿ ತೆಗೆದು ತಲೆ ಕೆರೆದುಕೊಂಡ. "ಪ್ಯಾಟ್ಯಾಗ ಹಿಂಗ ಮಾಡತಾರೇನ್ರಿ?"

"ಪ್ಯಾಟಿ ನಡಿಯೋದ ಹಿಂಗ."

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಜೀವನವೆಲ್ಲ ನಾನು ಹೇಳಿದ ಸುಳ್ಳನ್ನು ಜನ ನಿಜವೆಂದು ನಂಬಿ ಮೋಸ ಹೋದರು. ಅವತ್ತು ಮಾತ್ರ ನಾನು ಚೇಷ್ಟೆ ಮಾಡಿರಲಿಲ್ಲ. ನಿಜವಾಗಿಯೂ ಬಹಳ ಜಾಣ ಸಲಹೆ ಕೊಟ್ಟೆ ಎಂದುಕೊಂಡಿದ್ದೆ. ಸೋಲಾಪುರಕ್ಕೆ ಬಂದು ಗಲ್ಲಿಯಲ್ಲಿ ಎದೆ ಉಬ್ಬಿಸಿಕೊಂಡು ತಿರುಗಿದೆ. ಎದುರಂಗಡಿಯವನನ್ನು, "ನಿನ್ನ ಭಜನಿ ಮಂಡಳಿಗಿ ಎಷ್ಟು ತಾಳ ಕೊಡಿಸಿದಿ?" ಎಂದು ದಿನಕ್ಕೆರಡು ಸಲ ಚುಚ್ಚುತ್ತಿದ್ದೆ.

ಎರಡು ತಿಂಗಳು ಕಳೆಯಿತು. ಅಕ್ಕಲಕೋಟದ ಆಚೆಯ ಒಂದು ಊರಿನಲ್ಲಿ ಮಾಸ್ತರ ಕಲಿಸಿದ ಆಟ ಅಂತ ಸುದ್ದಿ ಬಂತು. ಆಟದ ಮರುದಿನ ಆತ ನನ್ನ ಅಂಗಡಿಗೆ ಬಂದು ಎಲ್ಲ ಹೇಳಬೇಕೆಂದು ಮಾತಾಗಿತ್ತು.

ಅವತ್ತು ಮುಂಜಾನೆ ಮಿಲ್ಲಿನ ಭೋಂಗಾ ಕೂಗಿ ಬಹಳ ಹೊತ್ತಾಗಿತ್ತು. ಹೊಸ್ತಿಲಿಗೆ ನೀರು ಹಾಕಿ, ದೀಪ ಹಚ್ಚಿ, ಗಾದಿಯ ಮೇಲೆ ಆಗಷ್ಟೇ ಕುಂತಿದ್ದೆ. ಗಲ್ಲಿಯ ತುದಿಯಲ್ಲಿ ಗದ್ದಲ ಎದ್ದಿತು. ಹೊರಗೆ ಇಣುಕಿದೆ.

ರಾಜ ಬರುತ್ತಿದ್ದ.

ಮೊಳ ಎತ್ತರದ ಕಿರೀಟ, ಎರಡೂ ಹೆಗಲಿಗೆ ಭುಜಕೀರ್ತಿ, ಕಾಲಲ್ಲಿ ಗೆಜ್ಜೆ. ಹಿಂದೆ ರಾಣಿ. ಅವಳ ಗಲ್ಲದ ಬಣ್ಣದ ನಡುವೆ ರಾತ್ರಿ ಬೆಳೆದ ಗಡ್ಡದ ಚೂರು. ಆಮೇಲೆ ರಾಕ್ಷಸ, ಅವನ ಹಿಂದೆ ಮಂತ್ರಿ, ಸೇನಾಪತಿ, ಇನ್ನೂ ಮೂವರು. ಎಲ್ಲರ ಮುಂದೆ ಕೈಯಲ್ಲಿ ಬೆತ್ತ ಹಿಡಿದ ಸಾರಥಿ. ದೊಡ್ಡಾಟದಲ್ಲಿ ಬಂದ ಬಂದ ಪಾತ್ರಗಳನ್ನೆಲ್ಲ ನಿಲ್ಲಿಸಿ, ನೀನು ಯಾರು ಎತ್ತ ಎಂದು ಕೇಳಿ ನಗಿಸುವವನು ಸಾರಥಿ. ಒಟ್ಟು ಒಂಬತ್ತು ಜನ, ಹಾಡುಹಗಲಿನಲ್ಲಿ, ಬೆವರಿಗೆ ಕಲಸಿಹೋದ ಅರ್ದಾಳದ ಬಣ್ಣದ ಮುಖ ಹೊತ್ತು, ನೇರವಾಗಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಬಸ್ಸಿನಲ್ಲಿ ಬಂದಿದ್ದರಂತೆ. ಕಿರೀಟ ಚಾವಣಿಗೆ ತಾಗುತ್ತದೆಂದು ರಾಜ ಅಕ್ಕಲಕೋಟದಿಂದ ಸೋಲಾಪುರದವರೆಗೆ ಸೀಟಿದ್ದರೂ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕುಂತು ಬಂದಿದ್ದ.

ಗಲ್ಲಿಗೆ ಗಲ್ಲಿಯೇ ನೆರೆಯಿತು.

"ಅಹೋ ಶೇಟ, ಏಕ ನಂಬರ!" ಎಂದು ಪಕ್ಕದ ಮರಾಠಿ ವ್ಯಾಪಾರಿ ಚಪ್ಪಾಳೆ ತಟ್ಟಿದ. ಎದುರಂಗಡಿಯವನು ಗಾದಿ ಬಿಟ್ಟು ಇಳಿದು ಬಂದು ನನಗೆ ಕೈ ಮುಗಿದ. "ಈ ಸಲ ಮಾತ್ರ ಒಪ್ಪಿದೆ ನೋಡಪಾ. ಮೇಣದ್ದು ಮಾಫ್."

"ಏ, ಇದು ನಾ ಮಾಡಿದ್ದಲ್ಲೋ!"

"ಅಲ್ಲೇ ಅಲ್ಲ, ನೀ ಎಲ್ಲಿ ಮಾಡತಿ!" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಮ್ಮವ್ವನ ಆಣಿ!"

ನಾನು ಆಣೆ ಮಾಡಿದಷ್ಟೂ ನಗು ಹೆಚ್ಚಾಯಿತು. ಹಿಂದೆ ಇದೇ ಬಾಯಿಂದ ಅದೆಷ್ಟು ಸುಳ್ಳು ಆಣೆ ಹಾಕಿದ್ದೆನೋ, ಎಲ್ಲವೂ ಅವತ್ತು ಒಟ್ಟಿಗೆ ಎದುರು ನಿಂತವು.

ನಗದೆ ನಿಂತಿದ್ದವರು ಆ ಒಂಬತ್ತು ಜನ ಮಾತ್ರ. ರಾಜನ ವೇಷದಲ್ಲಿದ್ದವನು ಆ ಊರಿನ ಗೌಡ, ದೊಡ್ಡ ಒಕ್ಕಲುತನದವನು. ಆತ ನನ್ನ ಮುಂದೆ ಬಂದು ನಿಂತ.

"ನೀವೇನ್ರಿ ಮಾಸ್ತರಗ ಬುದ್ಧಿ ಹೇಳಿದ ಸಾವಕಾರ್ರು?"

"ಹೌದ್ರಿ."

"ನಮ್ಮ ಮಂಗಳ ಎಲ್ಲದ್ರಿ?"

ಕುಂಡ್ರಿ ಎಂದೆ, ಕೂರಲಿಲ್ಲ. ಚಹಾ ತರಿಸಿದೆ. ರಾಣಿ ಕಪ್ಪಿನ ಕಡೆ ಆಸೆಯಿಂದ ನೋಡಿ ಮುಖ ತಿರುಗಿಸಿದಳು. ಗೌಡ ಕೈ ಅಡ್ಡ ಹಿಡಿದ. "ಕಿರೀಟ ಇಳಿಯೂತನಾ ಬಾಯಾಗ ಏನೂ ಹಾಕಂಗಿಲ್ಲ. ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಮಾಸ್ತರ ಹೇಳಿದ್ದ. ನಾನು ಬೆರಳು ಮಡಚುತ್ತಿದ್ದೆ.

ಉಳಿದದ್ದನ್ನು ಸಾರಥಿ ಹೇಳಿದ. ಆಟ ಚೆಂದ ಆಯಿತು. ಕೊನೆಯ ಪದವೂ ಮುಗಿಯಿತು. ಮಂಗಳಕ್ಕೆ ಮಾಸ್ತರ ಇನ್ನೇನು ಬರುತ್ತಾನೆ ಎಂದು ಎಲ್ಲರೂ ಕಾದರು. ಇವತ್ತಿನವರೆಗೆ ಯಾವ ಊರಿಗೂ ಆತ ತಪ್ಪಿಸಿಕೊಂಡವನಲ್ಲ. ಹೊತ್ತು ಮೂಡಿತು. ಮಾಸ್ತರ ಇಲ್ಲ. ಮುಂದಿನ ಊರಿನಲ್ಲಿ ಹುಡುಕಿಸಿದರು, ಇಲ್ಲ. ಅಕ್ಕಲಕೋಟದ ಮನೆಗೆ ಹೋದರೆ ಆತನ ಹೆಂಡತಿ, "ಸೋಲಾಪುರದ ಸಾವಕಾರ್ರ ಅಂಗಡಿಗಿ ಹೋಗ್ಯಾರ, ಅಲ್ಲೇ ಕೇಳ್ರಿ," ಎಂದಳಂತೆ.

"ಆಟ ಆಡಿದವರು ಉಣದ ಹೊರತು ನಮ್ಮೂರಾಗ ಒಲಿ ಹಚ್ಚಂಗಿಲ್ರಿ," ಎಂದ ಸಾರಥಿ. ಅವನ ದನಿಯಲ್ಲಿ ಆಗ ನಗಿಸುವ ರಾಗ ಇರಲಿಲ್ಲ. "ಈ ಹೊತ್ತಿನಾಗ ಇಡೀ ಊರಿನೊಳಗ ಒಂದು ಒಲಿ ಹೊತ್ತಿಲ್ಲ. ಕೂಸು ಕುನ್ನಿಗೆ ತಂಗಳ ರೊಟ್ಟಿ ಕೊಟ್ಟು ಕುಂತಾರ."

ನಾನು ರಾಕ್ಷಸನ ಮುಖ ನೋಡಿದೆ. ಕಿರೀಟದ ಅಂಚು ಹಣೆ ಕೊರೆದು, ರಕ್ತ ಬಣ್ಣದ ಮೇಲೆ ಒಣಗಿತ್ತು. ಅಷ್ಟು ಹೊತ್ತು ಅದನ್ನೂ ಬಣ್ಣವೆಂದೇ ತಿಳಿದಿದ್ದೆ. ನನ್ನ ಕೈಯ ಚಹಾದ ಬಸಿಯನ್ನು ಮೂಲೆಗೆ ಸರಿಸಿದೆ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಮಾಸ್ತರ ಬಂದ. ಹೆಗಲ ಮೇಲೆ ಹಾರ್ಮೋನಿಯಂ. ರಿಪೇರಿಗೆ ಕೊಟ್ಟದ್ದನ್ನು ಬಿಡಿಸಿಕೊಂಡು ಬರಲು ಆತ ಮೊದಲು ಆ ಕಡೆ ಹೋಗಿದ್ದನಂತೆ. ಅಂಗಡಿಯೊಳಗೆ ತಾನು ಕಲಿಸಿದ ಒಂಬತ್ತು ವೇಷ ಕಂಡದ್ದೇ ಮೆಟ್ಟಿಲ ಮೇಲೆ ನಿಂತುಬಿಟ್ಟ.

ಸಾರಥಿ ಬೆತ್ತವನ್ನು ನನ್ನತ್ತ ಚಾಚಿದ. "ಈ ಸಾವಕಾರ್ರು ಚೇಷ್ಟಾದವರು ಅಂತ ಪ್ಯಾಟಿ ತುಂಬ ಅನ್ನಾಕತ್ತದ. ಚೇಷ್ಟಾ ಮಾಡಿದ್ರ ಹೌದನ್ರಿ. ನಾವೂ ನಕ್ಕೋತ ಹೋಗತೀವಿ. ಅಲ್ಲ, ತಿಳಿದೇ ನಮ್ಮ ಮಂಗಳ ಇಟಗೊಂಡಿದ್ರ, ಈ ಮಾಸ್ತರ ನಮ್ಮ ಸೀಮಿಯೊಳಗ ಇನ್ನ ಕಾಲಿಡಂಗಿಲ್ಲ. ಸುತ್ತಿನ ಎಲ್ಲಾ ಊರಿಗೂ ನಾವ ಹೇಳತೀವಿ."

ಎಷ್ಟು ಸುಲಭ! ಚೇಷ್ಟೆ ಎಂದರೆ ಸಾಕು, ಮಂಡಳಿ ಉಳಿಯುತ್ತದೆ. ಇಡೀ ಗಲ್ಲಿ ನನ್ನ ಪರ ಸಾಕ್ಷಿ ಹೇಳಲು ನಿಂತಿದೆ. ಸುಳ್ಳು ಹೇಳುವುದರಲ್ಲಿ ನನಗಿಂತ ನುರಿತವನು ಆ ಪೇಟೆಯಲ್ಲಿ ಇರಲಿಲ್ಲ. ನಾನು ಬಾಯಿ ತೆರೆದೆ.

"ಚೇಷ್ಟಾ ಅಲ್ರಿ ಗೌಡ್ರ," ಎಂದ ಮಾಸ್ತರ.

ಆತ ಟೋಪಿ ತೆಗೆದ. ಅದರ ಮಡಿಕೆಯೊಳಗಿಂದ ಬೆವರಿಗೆ ಮೆತ್ತಗಾದ ಒಂದು ಕಾಗದ ತೆಗೆದ. "ತಾಲೀಮು ಸುರು ಆದ ಎಂಟು ದಿನಕ್ಕ ಕಟ್ಟಿದ್ದೆ. ತಲಿ ಮ್ಯಾಲ ಇಟಗೊಂಡೇ ತಿರಗೀನಿ. ತಿಳಿದೇ ಬಿಟ್ಟು ಬಂದೀನಿ."

ಈ ಮನುಷ್ಯ ತನ್ನ ಕೈಯಿಂದ ತನ್ನ ಮಂಡಳಿಯ ಬಾಗಿಲು ಹಾಕುತ್ತಿದ್ದಾನೆ, ಒಂದು ಸುಳ್ಳು ಹೇಳಲಾಗದೆ! ಎದುರಂಗಡಿಯವನ ನಗು ಅರ್ಧಕ್ಕೆ ನಿಂತಿತು. ಆಗಲೇ ಅವನಿಗೆ ಇದು ಆಟವಲ್ಲ ಎಂದು ಅನುಮಾನ ಬಂದದ್ದು.

"ಅವರದಲ್ಲ ತಪ್ಪು," ಎಂದೆ ನಾನು. "ಮಂಗಳ ಕಲಿಸಬ್ಯಾಡ್ರಿ ಅಂದಾಂವ ನಾ. ವ್ಯಾಪಾರದ ಯುಕ್ತಿ ಅಂತ ಹೇಳಿದೆ. ಖರೇನ ಹೇಳಿದೆ."

ಗೌಡ ಪಕ್ಕದಲ್ಲಿ ಪೇರಿಸಿದ್ದ ಚಾದರಗಳಲ್ಲಿ ಒಂದರ ತುದಿ ಹಿಡಿದು, ಅಂಚಿನ ದಾರಗಳಿಗೆ ಹಾಕಿದ್ದ ಗಂಟುಗಳನ್ನು ಬೆರಳಿನಿಂದ ಸವರಿದ.

"ಈ ಗಂಟು ಹಾಕದ ಮಾರತೀರೇನ್ರಿ?"

"ಇಲ್ರಿ. ಬಿಚಗೊಂಡು ಹೋಗತದ."

"ಅಷ್ಟು ಗೊತ್ತದ ಅಂದಂಗಾತು," ಎಂದು ಚಾದರ ಬಿಟ್ಟ.

ಚಾದರದ ಮೂಟೆಗೆ ಒರಗಿದ್ದ ರಾಣಿ ಇದ್ದಕ್ಕಿದ್ದಂತೆ ಗಂಡಸಿನ ದಪ್ಪ ದನಿಯಲ್ಲಿ ನರಳಿದಳು. "ಗೌಡ್ರ, ನ್ಯಾಯ ಆಮ್ಯಾಲ ಮಾಡ್ರಿ. ನಂಗ ಕಣ್ಣಿಗಿ ಕತ್ತಲಿ ಬರಾಕತ್ತದ. ಮೊದಲ ಮಂಗಳ!"

ಮಾಸ್ತರ ಚಪ್ಪಲಿ ಬಿಟ್ಟು ನನ್ನ ಬಿಳಿ ಗಾದಿಯ ಮೇಲೆ ಹಾರ್ಮೋನಿಯಂ ಇಟ್ಟ. ಒಂದು ಸಾಲು ಆತ ಹೇಳುವುದು, ಒಂಬತ್ತು ಜನ ಅದನ್ನು ಹಿಡಿಯುವುದು. ಸಿಹಿನೀರಿನ ಬಾವಿ ಬಂತು. ಅದರ ದಂಡೆಯ ಹುಣಸೆಗಿಡ ಬಂತು. ಗೌಡನ ಮನೆಯ ಕುಂಟ ಎತ್ತೂ ಬಂತು. ಆಗ ರಾಜನ ಬಣ್ಣದ ಗಲ್ಲದ ಮೇಲೆ ಒಂದು ಗೆರೆ ಇಳಿದದ್ದನ್ನು ನಾನು ಕಂಡೆ. ಆತ ಬೆವರು ಒರೆಸಿಕೊಂಡಂತೆ ಮಾಡಿದ. ಗಿರಾಕಿಗಳು ಹೊರಗೆ ನಿಂತೇ ಇದ್ದರು. ಒಬ್ಬನೂ ದರ ಕೇಳಲಿಲ್ಲ. ಮಾಳಿಗೆಯ ಮನೆಯಿಂದ ನನ್ನ ಹೆಂಡತಿ ಆರತಿ ತಟ್ಟೆ ಹಿಡಿದು ಇಳಿದು ಬಂದಳು. ನನ್ನ ಮುಖ ನೋಡಿ, ನಾನು ನಾಟಕ ಮಾಡುತ್ತಿಲ್ಲ ಎಂದು ಆ ಪೇಟೆಯಲ್ಲಿ ಮೊದಲು ತಿಳಿದವಳು ಅವಳೇ.

ಮಂಗಳ ಮುಗಿಯಿತು. ಕಿರೀಟಗಳು ಒಂದೊಂದಾಗಿ ಇಳಿದು ಗಾದಿಯ ಮೇಲೆ ಕುಂತವು. ಕೆಳಗಿದ್ದ ತಲೆಗಳು ಎಷ್ಟು ಚಿಕ್ಕವಾಗಿ, ನಮ್ಮಂಥವೇ ಆಗಿ ಕಂಡವು!

"ಮೊದಲ ಒಬ್ಬಾಂವ ಬಸ್ಸಿಗಿ ಓಡ್ರಿ," ಎಂದ ಸಾರಥಿ. "ಊರಾಗ ಒಲಿ ಹಚ್ಚಾಕ ಹೇಳ್ರಿ."

ಓಡಿದವನು ರಾಕ್ಷಸ. ಕೈಯಲ್ಲಿ ಶೇಂಗಾ ಚಟ್ನಿಪುಡಿ ಸುತ್ತಿದ ಒಂದು ರೊಟ್ಟಿ, ಮುಖದ ಮೇಲೆ ಇನ್ನೂ ಅರ್ಧ ಮೀಸೆ. ಉಳಿದವರು ನಮ್ಮ ಮನೆಯಲ್ಲಿ ಉಂಡರು. ನನ್ನ ಹೆಂಡತಿ ರೊಟ್ಟಿ ಬಡಿದು ಬಡಿದು ಸುಸ್ತಾಗಿ, "ನಿಮ್ಮ ತಲಿ ಯಾರಿಗೂ ದಾನ ಕೊಡಬ್ಯಾಡ್ರಿ ಇನ್ನ," ಎಂದಳು.

ಉಂಡಾದ ಮೇಲೆ ಗೌಡ ಮಾಸ್ತರನ ಕಡೆ ತಿರುಗಿದ. "ಸೀಮಿಯೊಳಗ ಬರಬ್ಯಾಡ ಅಂತ ನಮ್ಮಾಂವ ಅಂದ. ಖರೇ ಹೇಳಿದಾಂವನ್ನ ಹೊರಗ ಹಾಕಿದ್ರ ನಾವ ಯಾರ ಹಂತ್ಯಾಕ ಕಲೀಬೇಕು?"

ಸಾರಥಿ ಎಲೆಗೆ ಸುಣ್ಣ ಹಚ್ಚುತ್ತಾ ಮಾತು ಮುಂದುವರಿಸಿದ. "ಬಾಜೂಕಿನ ಊರವರೂ ಆಟ ಬೇಕಂತಾರ. ನಮಗ ಬಂತಲ್ಲ, ನಾವ ಇಬ್ಬರು ಹೋಗಿ ಕಲಸತೀವಿ. ನೀವ ಎರಡು ತಿಂಗಳು ಅಲ್ಲಿ ಕೂಡೂದ ಬ್ಯಾಡ. ಆದ್ರ ಮಂಗಳ ನಮಗ ಕಟ್ಟಾಕ ಬರಂಗಿಲ್ಲ. ಅದಕ್ಕ ನೀವ ಬರಬೇಕು. ನಾಕು ದಿನ ಇದ್ದು ಬಾವಿ ಗಿಡ ನೋಡಿ ಕಟ್ಟಿ ಕೊಡ್ರಿ. ಆ ಊರವರಾಗ ಇಬ್ಬರು ಮುಂದಿನ ಊರಿಗಿ ಹೋಗತಾರ. ಹಿಂಗ ನಡೀಲಿ. ಏನಂತೀರಿ ಸಾವಕಾರ್ರ, ಒಂದು ಸುಗ್ಗಿಗಿ ಎಷ್ಟು ಊರು ಆಗತಾವ? ಬೆರಳು ಮಡಚಿ ಹೇಳ್ರಿ."

ನಾನು ಬೆರಳು ಮಡಚಲಿಲ್ಲ. ನಮ್ಮ ಸೋಲಾಪುರದಲ್ಲಿ ಮಗ್ಗ ಹಬ್ಬಿದ್ದೂ ಹೀಗೇ ಅಲ್ಲವೇ? ಒಬ್ಬ ನೇಕಾರ ತನ್ನ ಹೆಂಡತಿಯ ತಮ್ಮನಿಗೆ ಕಲಿಸಿದ, ಅವನು ತನ್ನ ನೆರೆಯವನಿಗೆ ಕಲಿಸಿದ. ಗಲ್ಲಿ ತುಂಬಿತು, ಪೇಟೆ ಬೆಳೆಯಿತು, ನನ್ನ ಅಂಗಡಿಯೂ ಬೆಳೆಯಿತು. ಚಾದರದ ಜೊತೆಗೆ ಮಗ್ಗ ಹೊರಿಸಿ ಕಳಿಸಿದವರ ಅನ್ನವನ್ನೇ ಉಂಡವನು ನಾನು, ಮಾಸ್ತರನನ್ನು ಅದಕ್ಕೇ ಹಂಗಿಸಿದ್ದೆ.

ಮಂಡಳಿಯ ಟ್ರಂಕುಗಳು ಮಾರಾಟವಾಗಲಿಲ್ಲ. ಮುಂದಿನ ಸುಗ್ಗಿಗೆ ಅವು ಸಾಲದಾಗಿ ಬಡಿಗನಿಂದ ಹೊಸ ಕಿರೀಟ ಮಾಡಿಸಬೇಕಾಯಿತು.

ಆದರೆ ಗೌಡ ನನ್ನನ್ನು ಹಾಗೆಯೇ ಬಿಡಲಿಲ್ಲ. ಆ ಬಾಜೂಕಿನ ಊರಿನ ತಾಲೀಮಿಗೆ ನಾನೂ ಹೋಗಿ, ಎಲ್ಲರೂ ಒಲ್ಲೆನ್ನುವ ಒಂದು ಪಾತ್ರ ಮಾಡಬೇಕೆಂದು ಹೇಳಿ ಹೋದ. ಸಿಕ್ಕದ್ದು ರಾಣಿಯ ದಾಸಿಯ ಪಾತ್ರ. ಮೀಸೆ ಬೋಳಿಸಿಕೊಂಡು ಮನೆಗೆ ಬಂದಾಗ ನನ್ನ ಹೆಂಡತಿ ಬಾಗಿಲು ತೆರೆದು, ಯಾರು ಬೇಕಿತ್ತೆಂದು ಕೇಳಿದಳು. ನಿಜವಾಗಿ ಗುರುತು ಸಿಗಲಿಲ್ಲವೋ, ನನ್ನ ಜೊತೆ ಇದ್ದು ಇದ್ದು ಕಲಿತಿದ್ದಳೋ, ಇವತ್ತಿಗೂ ಹೇಳಿಲ್ಲ.

ದಾಸಿಯ ಮಾತು ಒಟ್ಟು ನಾಲ್ಕು. ಕೆಲಸವೆಲ್ಲ ನಿಲ್ಲುವುದೇ. ತಲೆಗೆ ಕಟ್ಟಿದ ಮರದ ಬೈತಲೆಬೊಟ್ಟು ಹಣೆ ಒತ್ತುತ್ತಿತ್ತು. ಆಟ ಮುಗಿಯುವ ಹೊತ್ತಿಗೆ ಕಾಲು ಮರಗಟ್ಟಿ, ಹೊಟ್ಟೆ ಬೆನ್ನಿಗೆ ಹತ್ತಿ, ಎದುರಿನ ಮನೆಯಲ್ಲಿ ಯಾರೋ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಇಟ್ಟಿದ್ದ ವಾಸನೆಗೆ ಕಣ್ಣಲ್ಲಿ ನೀರು ಬಂತು. ಆಗಷ್ಟೇ ಮೂಡಣ ಬೆಳ್ಳಗಾಗುತ್ತಿತ್ತು. ಮಾಸ್ತರ ಮಂಗಳಕ್ಕೆಂದು ಎದ್ದು ನಿಂತ. ಹಾರ್ಮೋನಿಯಂ ಒಂದು ಸ್ವರ ಹಿಡಿದು ನಿಂತಿತು.

ಆತ ಅಂಗಿಯ ಕಿಸೆ ತಡಕಿದ. ಇನ್ನೊಂದು ಕಿಸೆ ತಡಕಿದ. ಟೋಪಿ ತೆಗೆದು ಮಡಿಕೆ ಬಿಚ್ಚಿ ನೋಡಿದ. ಬರಿದು.

"ಸಾವಕಾರ್ರ," ಎಂದು ರಂಗದ ನಡುವಿನಿಂದಲೇ ನನ್ನನ್ನು ಕರೆದ, ಎಂದಿನ ಗಂಭೀರ ಮುಖದಲ್ಲೇ. "ಕಾಗದ ಅಕ್ಕಲಕೋಟದಾಗ ಬಿಟ್ಟು ಬಂದೆ ಕಾಣತದ. ಮೊದಲ ಬಸ್ಸು ಎಷ್ಟಕ್ಕದ್ರಿ?"

ಸೀರೆಯಲ್ಲಿ, ಹಸಿದು, ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋಗುವ ನನ್ನ ಮೆರವಣಿಗೆ ಕಣ್ಣ ಮುಂದೆ ಹಾದುಹೋಯಿತು. ಊರೆಲ್ಲ ಉಸಿರು ಹಿಡಿದು ನನ್ನನ್ನೇ ನೋಡುತ್ತಿತ್ತು. ನಾನು ಸೆರಗು ಹಿಡಿದುಕೊಂಡು, "ಮಾಸ್ತರ, ಕಾಲು ಬೀಳತೀನಿ..." ಎಂದು ನಿಜವಾಗಿಯೂ ಬಗ್ಗಿದೆ.

ಆಗ ಆ ಮನುಷ್ಯ ನಕ್ಕ. ನಾನು ಕಂಡಂತೆ ಅದೇ ಮೊದಲು. ಟೋಪಿ ತಲೆಗೆ ಹಾಕಿ, ಕಾಗದವೂ ಇಲ್ಲದೆ ಕಣ್ಣು ಮುಚ್ಚಿ, ಆ ಊರಿನ ಬಾವಿಯಿಂದಲೇ ಮಂಗಳ ಎತ್ತಿಕೊಂಡ.